ಬಾಗಿಲ ಮೇಲಿನ ಸುಣ್ಣದ ಗುರುತು

ಆಗ ಪುಣೆಯ ಪೇಟೆಗಳಲ್ಲಿ ಮನೆ ಅಳೆಯುವ ಕೆಲಸ ನನ್ನದು. ವಸತಿಗೆ ಬೇರೆ ಜಾಗ, ವ್ಯಾಪಾರಕ್ಕೆ ಬೇರೆ ಜಾಗ ಎನ್ನುತ್ತಿದ್ದ ಕಾಯ್ದೆಯನ್ನು ತಿದ್ದಿ, ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೂ ನಡೆಯುತ್ತದೆ ಎಂದು ಬರೆಯುವುದಿತ್ತು. ಅಂಥ ಮನೆಗಳ ಬಾಗಿಲಿಗೆ ನಾವು ಸುಣ್ಣದಲ್ಲಿ ಒಂದು ದುಂಡು ಗುರುತು ಹಾಕುತ್ತಿದ್ದೆವು.

ಬೆಳಗಾವಿ ಕಡೆಯ ಮುದುಕಿಯೊಬ್ಬಳ ಖಾನಾವಳಿಗೂ ಹಾಕಿದೆ. ಆಕೆ ಹೊರಗೆ ಬಂದು ಗುರುತು ನೋಡಿದಳು. ಕೈಯಲ್ಲಿದ್ದ ರೊಟ್ಟಿ ಹಿಟ್ಟಿನ ಉಂಡೆ ಜಾರಿ ಬಿತ್ತು.

"ಯಾರಿಗೆ ಬಂದದ್ರಿ?" ಎಂದಳು.

ಪ್ಲೇಗು ಬಂದಾಗ ಇದೇ ಬಾಗಿಲಿಗೆ ಇಂಥದೇ ಗುರುತು ಹಾಕಿ, ಅವಳ ಗಂಡನ ಕಂಕುಳಲ್ಲಿ ಗಡ್ಡೆ ಇದೆಯೇ ಎಂದು ಮುಟ್ಟಿ ನೋಡಿ, ಊರ ಹೊರಗಿನ ಶಿಬಿರಕ್ಕೆ ಒಯ್ದಿದ್ದರಂತೆ. ಅವನು ತಿರುಗಿ ಬರಲಿಲ್ಲ.

"ಆಯಿ, ಇದು ಪ್ಲೇಗಿನ ಗುರುತಲ್ರಿ. ಕೆಳಗ ಖಾನಾವಳಿ, ಮ್ಯಾಲ ಮನಿ, ಎರಡೂ ಇರಲಿ ಅಂತ ಕಾಯ್ದೆ ಆಗ್ತದ. ನಿಮಗ ಛಲೋನ ಆಗ್ತದ."

"ಅವರೂ ಹಿಂಗ ಸಮಾಧಾನದಿಂದ ಮಾತಾಡಿದ್ರು."

ಊಟಕ್ಕೆ ಕೂತವರು ಎಲೆ ಬಿಟ್ಟೆದ್ದು ಹಿತ್ತಲ ಕಡೆಯಿಂದ ಹೋದರು. ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಒಳಗಿಂದ ಅಗಳಿ ಹಾಕುವ ಸದ್ದು ಕೇಳಿಸಿತು. ಧೋತರದ ಚುಂಗಿನಿಂದ ಗುರುತು ಒರೆಸಿಬಿಟ್ಟೆ. ಆದರೂ ಒಂದು ಬಾಗಿಲೂ ತೆರೆಯಲಿಲ್ಲ.

ಸಂಜೆ ನನ್ನ ಕೋಣೆಗೆ ಮರಳಿದೆ. ನಾನಿದ್ದದ್ದು ದರ್ಜಿಯ ಅಂಗಡಿಯ ಮೇಲೆ. ಕೆಳಗಿನ ಬಾಗಿಲಿಗೆ ದುಂಡು ಗುರುತು. ನಮ್ಮ ಕಚೇರಿಯವನೇ ಇನ್ನೊಬ್ಬ ಹಾಕಿ ಹೋಗಿದ್ದ. ಅದರ ಅರ್ಥ ನನಗಿಂತ ಚೆನ್ನಾಗಿ ಬಲ್ಲವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಆದರೂ ಮೆಟ್ಟಿಲು ಹತ್ತುವ ಮೊದಲು ಆಚೀಚೆ ನೋಡಿ, ಅಂಗಿಯೊಳಗೆ ಕೈ ಹಾಕಿ, ಕಂಕುಳನ್ನೊಮ್ಮೆ ಒತ್ತಿ ನೋಡಿಕೊಂಡೆ.