ಹಾಸಿಗೆಯ ಕೊನೆಯ ಹೊಲಿಗೆ

ಐವತ್ತರ ದಶಕದಲ್ಲಿ ಪುತ್ತೂರಿನ ಮನೆಮನೆಗೆ ಬಂದು ಹಾಸಿಗೆ ಹೊಲಿದುಕೊಡುತ್ತಿದ್ದ ಒಬ್ಬರಿದ್ದರು, ಮೊದಲು ಯುದ್ಧದ ಹಡಗಿನಲ್ಲಿದ್ದವರು. ನಮ್ಮ ಜಗಲಿಯಲ್ಲೂ ನೆಲ ಅಲುಗಾಡೀತೋ ಎಂಬಂತೆ ಕಾಲು ಅಗಲಿಸಿಯೇ ಕೂರುತ್ತಿದ್ದರು. ಹತ್ತಿ ತುಂಬಿ ಅಂಚು ಹೊಲಿಯುತ್ತ ಬಂದು, ಇನ್ನು ಗೇಣಗಲ ಉಳಿದಾಗ ದಬ್ಬಣವನ್ನು ಅಮ್ಮನ ಕಡೆ ಚಾಚುತ್ತಿದ್ದರು.

"ಕೊನೆಯ ಹೊಲಿಗೆ ನೀವೇ ಹಾಕಿ ಅಕ್ಕ."

ಎಲ್ಲರ ಮನೆಯಲ್ಲೂ ಅದೇ ಮಾತು. ಅದೊಂದು ಶಾಸ್ತ್ರವೆಂದೇ ನಾವು ತಿಳಿದಿದ್ದೆವು.

ಒಮ್ಮೆ ಅಮ್ಮನ ಬೆರಳಿಗೆ ಗಾಯವಾಗಿತ್ತು. "ಇವತ್ತು ನೀವೇ ಮುಗಿಸಿ ಮಾರಾಯ್ರೆ, ಎಂತ ಆಗ್ತದೆ?" ಎಂದಳು.

ಅವರು ದಬ್ಬಣವನ್ನೇ ನೋಡುತ್ತ ಹೇಳಿದರು: "ಹಡಗಿನಲ್ಲಿ ಯಾರಾದರೂ ಸತ್ತರೆ ದಪ್ಪ ಬಟ್ಟೆಯಲ್ಲಿ ಸುತ್ತಿ, ಹೊಲಿದು ಸಮುದ್ರಕ್ಕೆ ಬಿಡುದು. ಹೊಲಿಯುದು ನನ್ನ ಕೆಲಸ. ಜ್ವರದಲ್ಲಿ ಹೋದ ಒಬ್ಬನಿಗೆ ಮುಖದ ಹತ್ತಿರ ಕೊನೆಯ ಹೊಲಿಗೆ ಹಾಕುವಾಗ ಒಳಗೆ ನರಳಿದ ಹಾಗೆ ಕೇಳಿತು. ಅದು ಹೊಟ್ಟೆಯ ಗಾಳಿ, ಹೆಣಕ್ಕೆ ಹಾಗೆ ಆಗುದುಂಟು, ಹೊಲಿ ಅಂತ ಮೇಲಿನವರು ಹೇಳಿದರು."

"ಮತ್ತೆ?" ಅಮ್ಮ ಕೇಳಿದಳು.

"ಹೊಲಿದೆ."

ಅಮ್ಮ ದಬ್ಬಣಕ್ಕೆ ಕೈ ಚಾಚಲಿಲ್ಲ. ಅವರೂ ಮುಗಿಸಲಿಲ್ಲ. ಆಮೇಲೆ ಎಷ್ಟೋ ವರ್ಷ, ಬೆಳಿಗ್ಗೆ ಎದ್ದರೆ ನಮ್ಮ ತಲೆಗೂದಲಿಗೆಲ್ಲ ಹತ್ತಿ ಅಂಟಿರುತ್ತಿತ್ತು. ಮನೆಯಲ್ಲಿ ಯಾರೂ ಆ ಬಾಯಿ ಹೊಲಿಯಲಿಲ್ಲ.