ಕೆಂಪಿಯ ಕಿವಿಗೆ ಸೆರಗಿನ ಶಾಖ

ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಸ್ಪಿರಿಟ್ ಒರೆಸುತ್ತಾರಲ್ಲ, ಆ ವಾಸನೆಗೆ ನಾನು ಈಗಲೂ ಮುಖ ತಿರುಗಿಸುತ್ತೇನೆ. ಸೂಜಿಗೆ ಹೆದರಿದೆನೆಂದು ನರ್ಸ್ ನಗುತ್ತಾಳೆ. ನನಗೆ ಕಾಣುವುದು ತಣಿಸಂದ್ರದ ನಮ್ಮ ಶೀಟಿನ ಮನೆಯ ಹಿತ್ತಿಲು, ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಕೂತ ಅಜ್ಜಿ, ಅವಳ ಮಡಿಲಲ್ಲಿ ನಮ್ಮ ನಾಯಿ ಕೆಂಪಿಯ ತಲೆ. ಆ ಜಾಗದಲ್ಲಿ ಈಗ ಯಾರದೋ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ.

ಕೆಂಪಿಯದು ಜೋಲು ಕಿವಿ. ಮಳೆಗಾಲ ಬಂತೆಂದರೆ ಒಳಗೆಲ್ಲ ಕೆಂಪಾಗಿ, ನವೆ ತಡೆಯಲಾರದೆ ಹಿಂಗಾಲಿನಿಂದ ಕೆರೆದುಕೊಂಡು, ಪಟಪಟ ಎಂದು ತಲೆ ಒದರುತ್ತಿತ್ತು. ಸಂಜೆ ಅಜ್ಜಿ ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿ, ಮೊಣಕೈ ಅದ್ದಿ ಬಿಸಿ ನೋಡಿ, ಹಳೇ ಸೀರೆಯ ಚೂರನ್ನು ಅದ್ದಿ ಹಿಂಡಿ, ಕಿವಿಯ ಹೊರಬದಿಯನ್ನಷ್ಟೇ ಮೆಲ್ಲಗೆ ಒರೆಸುತ್ತಿದ್ದಳು. ಒಳಗೆ ಬೆರಳು ಹಾಕುತ್ತಿರಲಿಲ್ಲ. ಆಮೇಲೆ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಗಿಟ್ಟು ಬಿಸಿ ಉಸಿರು ಊದಿ, ಕಿವಿಯ ಮೇಲೆ ಒತ್ತುವಳು. ನನ್ನ ಕಣ್ಣಿಗೆ ಧೂಳು ಬಿದ್ದಾಗಲೂ ಹಾಗೇ ಮಾಡುತ್ತಿದ್ದಳು. ಸೌದೆ ಹೊಗೆಯ, ಹೊಗೆಸೊಪ್ಪಿನ ಆ ಬಿಸುಪು ನನ್ನ ರೆಪ್ಪೆಗೂ ಗೊತ್ತು. ಕೆಂಪಿ ಕಣ್ಣು ಮುಚ್ಚಿ, ಮೈಯೆಲ್ಲ ಸಡಿಲ ಬಿಟ್ಟು, ಉದ್ದಕ್ಕೆ ಉಸಿರೆಳೆಯುತ್ತಿತ್ತು. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊತ್ತು ಬಂದ ಅಪ್ಪ ಅದನ್ನು ನೋಡಿ ರೇಗಿಸುವನು: "ನಾನು ಬೆನ್ನು ನೋವು ಅಂದ್ರೆ ಒಬ್ರೂ ಕೇಳಾಕಿಲ್ಲ, ಈ ಮೂದೇವಿ ಯೋಗ ನೋಡು!" ಅಜ್ಜಿ ತಲೆ ಎತ್ತದೆ, "ನೀನೂ ಇಂಗೆ ಕಿವಿ ಜೋಲು ಬಿಟ್ಕಂಡು ಬಾ ಮಗಾ, ನೋಡನ," ಅನ್ನುವಳು.

ನಮ್ಮ ಮನೆಯಲ್ಲಿ ಹತ್ತನೇ ತರಗತಿ ಪಾಸಾದವಳು ನಾನೇ ಮೊದಲು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಮೇಲಂತೂ ಮಾತ್ರೆ ಚೀಟಿ, ಕರೆಂಟ್ ಬಿಲ್ಲು, ಎಲ್ಲ ನನ್ನ ಕೈಗೇ ಬರುತ್ತಿತ್ತು. ನಾನು ಹೇಳಿದ್ದೇ ಕೊನೆಯ ಮಾತು. ಅದು ನನಗೆ ರುಚಿಸಿತ್ತು, ಸುಳ್ಳು ಯಾಕೆ ಹೇಳಲಿ. ಆ ವರ್ಷದ ಮಳೆಗೆ ಕೆಂಪಿಯ ಕಿವಿಯ ನವೆ ಜಾಸ್ತಿಯಾಗಿ ವಾಸನೆ ಬರತೊಡಗಿದಾಗ ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ ಬಾಟಲಿ ತಂದೆ.

"ಬಾಯಲ್ಲಿ ಎಷ್ಟು ಕ್ರಿಮಿ ಇರ್ತವೆ ಗೊತ್ತಾ ಅಜ್ಜಿ? ಊದಿ ಊದಿ ನೀನೇ ಜಾಸ್ತಿ ಮಾಡ್ತಿದ್ದೀಯ."

"ಕೆರ್ದು ಕೆರ್ದು ಗಾಯ ಆಗೈತೆ ಕಣವ್ವಾ. ಉರಿಯಾಕಿಲ್ವಾ?"

"ಉರಿದ್ರೇನೇ ವಾಸಿಯಾಗೋದು."

ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿದಳು. "ಓದಿರೋಳು ನೀನು, ನಂಗೇನ್ ಗೊತ್ತು," ಎಂದು ಮಡಿಲಲ್ಲಿದ್ದ ತಲೆಯನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಟ್ಟಳು. ನಾನು ಹತ್ತಿ ಅದ್ದಿ ಕಿವಿಯೊಳಗೆ ಹಿಂಡಿದೆ. ನಾಯಿಯ ಗಂಟಲಿನಿಂದ ಅಂಥ ಕೂಗು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದು ನನ್ನನ್ನು ಕಚ್ಚಲಿಲ್ಲ; ಕಚ್ಚಬೇಕಿತ್ತು. ಕೊಸರಿಕೊಂಡು ಓಡುವ ಮುಂಚೆ ತನ್ನನ್ನು ಹಿಡಿದಿದ್ದ ಅಜ್ಜಿಯ ಕೈಗಳನ್ನು ಒಮ್ಮೆ ನೋಡಿತು.

ಆಮೇಲೆ ಅದು ಯಾರ ಮಡಿಲಿಗೂ ಬರಲಿಲ್ಲ. ಎದುರು ಸೈಟಿನ ಜಲ್ಲಿ ರಾಶಿಯ ಹಿಂದೆ ಮಲಗುತ್ತಿತ್ತು. ದನದ ಆಸ್ಪತ್ರೆಗೆ ಕರೆದೊಯ್ಯೋಣವೆಂದು ಅಪ್ಪ ಎರಡು ಸಲ ಹಗ್ಗ ಹಿಡಿದು ಹೋಗಿ ಬರಿಗೈಲಿ ಬಂದ. ಕಿವಿ ಕೀವುಗಟ್ಟಿತು, ನೊಣ ಮುತ್ತಿದವು. ಅಜ್ಜಿ ಮಾತ್ರ ದಿನಾ ಸಂಜೆ ನೀರು ಕಾಯಿಸಿಕೊಂಡು ಕಲ್ಲಿನ ಮೇಲೆ ಕೂತು ಕರೆಯುವಳು: "ಬಾರೇ ಮೂದೇವಿ, ನಾನು ಕಣೇ." ನೀರು ಆರಿದ ಮೇಲೆ ಕರಿಬೇವಿನ ಬುಡಕ್ಕೆ ಸುರಿದು ಒಳಗೆ ಬರುವಳು. ಮಳೆ ನಿಲ್ಲುವ ಮೊದಲೇ ಒಂದು ಬೆಳಿಗ್ಗೆ ಕೆಂಪಿ ಆ ಜಲ್ಲಿಯ ಹಿಂದೆಯೇ ಸತ್ತುಬಿದ್ದಿತ್ತು. ಅಜ್ಜಿ ಮತ್ತೆಂದೂ ನನ್ನ ಕಣ್ಣಿಗೆ ಸೆರಗಿನ ಶಾಖ ಕೊಡಲಿಲ್ಲ. ಬಾಯಲ್ಲಿ ಕ್ರಿಮಿ ಇರ್ತವೆ ಅಂತ ನಾನೇ ಅಂದಿದ್ದೆನಲ್ಲ.

ನಾನು ಬಿಎಸ್ಸಿ ಮುಗಿಸುವಷ್ಟರಲ್ಲಿ ಅವಳೂ ಹೋದಳು. ಆ ಡಿಗ್ರಿಗೆ ಎಷ್ಟು ಪಾಡು ಬಿದ್ದೆನೆಂದು ನನಗೆ ಗೊತ್ತು. ಅದರ ಹೆಮ್ಮೆ ಇವತ್ತಿಗೂ ಇದೆ. ಡಿಗ್ರಿ ತಗೊಂಡ ದಿನ ತೆಗೆಸಿ ಗೋಡೆಗೆ ಹಾಕಿದ ಫೋಟೋ ನೋಡಿದಾಗೆಲ್ಲ ನನಗೆ ಕೇಳಿಸುವುದು ಮಾತ್ರ ಕೆಂಪಿಯ ಆ ಕೂಗು.

ಮೊನ್ನೆ ನಮ್ಮ ಬಾಡಿಗೆ ಮನೆಯ ಗೇಟಿನ ಹತ್ತಿರ ಬೀದಿನಾಯಿಯೊಂದು ಪಟಪಟ ಎಂದು ಕಿವಿ ಒದರುತ್ತಿತ್ತು. ಬೇವಿನ ನೀರು ಕಾಯಿಸಿಕೊಂಡು ಕೆಳಗಿಳಿದೆ. ಕರೆದೆ. ಅದು ನನ್ನ ಕೈ ನೋಡಿ ದೂರ ಸರಿಯಿತು. ಮೆಟ್ಟಿಲ ಮೇಲೆ ಕೂತೆ. ದುಪಟ್ಟಾದ ತುದಿಯನ್ನು ಉಂಡೆ ಮಾಡಿ ಬಾಯಿಗಿಟ್ಟು ಊದಿದೆ. ಒತ್ತಲು ಕಿವಿ ಇರಲಿಲ್ಲ. ಮುಷ್ಟಿಯೊಳಗೇ ಆ ಉಂಡೆ ತಣ್ಣಗಾಯಿತು.