ಹೊನ್ನೆ ಮರದ ಗುರುತು

ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಅಮದಳ್ಳಿಯ ಪುನರ್ವಸತಿ ಕಾಲೊನಿಗೆ ಬಂದಾಗ ರಾಮಾ ಹರಿಕಂತ್ರರಿಗೆ ಅರವತ್ತು ದಾಟಿತ್ತು. ಅದೇ ಊರಿನಿಂದ ಬಂದ ನಮ್ಮದು ಪಕ್ಕದ ಮನೆ. ಹಳೆಯ ದಡದ ಕಡೆಗೆ ದೋಣಿ ಹೋಗುವಂತಿರಲಿಲ್ಲ. ಜಗಲಿಯಲ್ಲಿ ಹರಿದ ಬಲೆ ಸರಿಮಾಡುತ್ತ ರಾಮಜ್ಜ ಒಂದೇ ಮಾತು ಹೇಳುತ್ತಿದ್ದರು. ಆ ದಡದ ಮುಂದೆ ನೀರಿನಡಿ ಬಂಡೆಗಳು. ಹೊನ್ನೆ ಮರದ ನೆತ್ತಿಯ ಮೇಲೆ ಗುಡ್ಡದ ತುದಿ ಸರಿಯಾಗಿ ಕೂತಾಗ ಮಾತ್ರ ದೋಣಿಯನ್ನು ಒಳಕ್ಕೆ ತಿರುಗಿಸಬೇಕು.

"ಈಗ ಕಣ್ಣು ಮುಚ್ಚಿದ್ರೆ ಗುಡ್ಡ ಬತ್ತದೆ, ಮರ ಬತ್ತದೆ. ಎರಡೂ ಕೂಡೂದಿಲ್ಲ ಮಾನಸಾ. ಒಂದ್ಸಲ ನೋಡೂಕೆ ಸಿಕ್ಕಿದ್ರೆ ಸಾಕಾಗಿತ್ತು."

2007ರಲ್ಲಿ ಕಾರವಾರದ ಕಾಲೇಜಿನಲ್ಲಿ ನಾನು ಕೊನೆಯ ವರ್ಷದ ಪ್ರಾಜೆಕ್ಟಿಗೆ ವರ್ಚುವಲ್ ರಿಯಾಲಿಟಿ ಆರಿಸಿಕೊಂಡೆ. ತಲೆಗೆ ಹಾಕುವ ಹೆಲ್ಮೆಟಿನಲ್ಲಿ ಎರಡು ಕಣ್ಣಿಗೂ ಒಂದೊಂದು ಪುಟ್ಟ ಪರದೆ. ತಲೆ ತಿರುಗಿಸಿದರೆ ಕಂಪ್ಯೂಟರ್ ಚಿತ್ರವನ್ನೂ ತಿರುಗಿಸುತ್ತದೆ. ನೆಲದ ಮೇಲೇ ಕೂತು ವಿಮಾನ ಹಾರಿಸುವುದನ್ನು ಕಲಿಯಲು, ಇನ್ನೂ ಕಟ್ಟದ ಮನೆಯೊಳಗೆ ಓಡಾಡಿ ನೋಡಲು ಇದನ್ನು ಬಳಸುತ್ತಾರೆ. ಇಲ್ಲದ ಊರನ್ನು ಏಕೆ ಕಟ್ಟಬಾರದು ಎಂದು ನನಗೆ ಅನಿಸಿತು. ಮನೆಮನೆಯ ಹಳೆಯ ಫೋಟೊ ಬೇಡಿ ತಂದು, ಐದು ತಿಂಗಳು ಕೂತು ಮಾಡಿದೆ.

ಪ್ರದರ್ಶನದ ದಿನ ರಾಮಜ್ಜ ಹೆಂಡತಿ ದುರ್ಗಿಯೊಡನೆ ಬಂದರು. ಕುರ್ಚಿಯಲ್ಲಿ ಕೂರಿಸಿ ಹೆಲ್ಮೆಟ್ ಹಾಕಿದೆ.

"ಮದಿಮಗನ ಬಾಸಿಂಗಕ್ಕಿಂತ ಇದೇ ಚಂದ ಕಾಣ್ತದೆ," ಎಂದು ದುರ್ಗಜ್ಜಿ ನಕ್ಕರು.

ರಾಮಜ್ಜ ಅತ್ತಿತ್ತ ನೋಡಿದರು. "ಇದು ಯಾರ ಊರು?"

"ನಮ್ದೇ ಅಜ್ಜಾ. ಅದು ನಿಮ್ಮ ಮನೆ."

"ಅಲ್ಲ. ಸಮುದ್ರ ಮನೆ ಹಿಂದೆ ಹೋಗಿ ಕೂತದೆ."

ಆಗ ತಪ್ಪು ತಿಳಿಯಿತು. ಫೋಟೊಗಳೆಲ್ಲ ರಸ್ತೆಯ ಕಡೆಯಿಂದ ತೆಗೆದವು, ನಾನೂ ನೋಡುವವರನ್ನು ರಸ್ತೆಯಲ್ಲೇ ನಿಲ್ಲಿಸಿದ್ದೆ. ರಾಮಜ್ಜನ ಕಣ್ಣಲ್ಲಿದ್ದದ್ದು ನೀರಿನ ಮೇಲಿಂದ ಕಂಡ ಊರು. ಕೀಬೋರ್ಡ್ ಒತ್ತಿ ಅವರನ್ನು ದೋಣಿಯಲ್ಲಿ ಕೂತಂತೆ ಸಮುದ್ರಕ್ಕೆ ಒಯ್ದು ದಡದತ್ತ ತಿರುಗಿಸಿದೆ.

ಅವರ ಬೆನ್ನು ನೆಟ್ಟಗಾಯಿತು.

"ದೋಣಿ ತೆಂಕಿಗೆ ಸರ್ಸು. ಇನ್ನೂ ಸ್ವಲ್ಪ... ಹಾಂ, ನಿಲ್ಸು! ದುರ್ಗಿ, ಕೂಡ್ತು! ಕೂಡ್ತು ನೋಡೇ!"

"ನಂಗೆಲ್ಲಿ ಕಾಣ್ತದೆ? ಟೊಪ್ಪಿ ಹಾಕಂಡದ್ದು ನೀವು," ಎಂದರು ದುರ್ಗಜ್ಜಿ.

ದೋಣಿಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟೆ. ರಾಮಜ್ಜನ ಕೈಗಳು ಇಲ್ಲದ ಹುಟ್ಟನ್ನು ಹಿಡಿದು ಆಡಿದವು. ಬಂಡೆಗಳು ಹಿಂದೆ ಉಳಿದವು. ಮರಳು ಹತ್ತಿರ ಬಂತು.

"ಸಾಕು, ನಿಲ್ಸು."

"ಇನ್ನು ನಾಲ್ಕು ಮಾರು ಅಜ್ಜಾ. ದಡ ಬಂತಲ್ಲ."

"ದಡದಾಗೆ ಯಾರೂ ಇಲ್ಲ. ದೋಣಿ ಎಳೂಕೆ ಎಂಟು ಜನ ಬೇಕು ಮಗಾ."

ಮನೆ, ಮರ, ಗುಡ್ಡ ಎಲ್ಲ ಮಾಡಿದ್ದೆ. ಜನರನ್ನು ಮಾಡಿರಲಿಲ್ಲ. ರಾಮಜ್ಜನ ದೋಣಿ ಎಳೆಯುತ್ತಿದ್ದವರಲ್ಲಿ ಇಬ್ಬರು ತೀರಿಕೊಂಡಿದ್ದರು, ಉಳಿದವರು ಅವರ್ಸಾ, ಹಟ್ಟಿಕೇರಿ ಎಂದು ಬೇರೆ ಬೇರೆ ಊರಿಗೆ ಚದುರಿದ್ದರು.

ಹೆಲ್ಮೆಟ್ ತೆಗೆಯಲು ಹೋದೆ. ರಾಮಜ್ಜ ನನ್ನ ಕೈ ತಡೆದರು.

"ಇರ್ಲಿ. ಇಲ್ಲೇ ಲಂಗರು ಹಾಕ್ತೆ. ಗುರುತು ಇಲ್ಲಿಂದ್ಲೂ ಕಾಣ್ತದೆ."

ಹಿಂದೆ ಹೆಲ್ಮೆಟಿಗೆ ಕಾಯುವವರ ಸಾಲು ಉದ್ದವಾಯಿತು. ದುರ್ಗಜ್ಜಿ ಸಾಲಿನವರತ್ತ ತಿರುಗಿ, "ಸ್ವಲ್ಪ ನಿಲ್ರಾ, ಇವ್ರು ಇನ್ನೂ ಸಮುದ್ರದಾಗೇ ಇದಾರೆ," ಎಂದರು.